ನಾಲೆ ಏರಿಯ ಮೇಲೆ ದಿನಕ್ಕೆ ಹತ್ತು ನಿಮಿಷ

ಆ ರಸ್ತೆಯಲ್ಲಿ ಒಂದು ಕಾರೂ ಬರುವುದಿಲ್ಲ. ಎಡಕ್ಕೆ ದಡ ಮುಟ್ಟುವಷ್ಟು ನೀರು ತುಂಬಿದ ನಾಲೆ, ಬಲಕ್ಕೆ ಭತ್ತದ ಗದ್ದೆ, ಗದ್ದೆಯ ನೀರಿನೊಳಗೆ ಆಕಾಶ. ದೂರದಲ್ಲಿ ಎತ್ತರದ ಮರಗಳ ಸಾಲು, ಅದರಾಚೆ ಇಟ್ಟಿಗೆಯಲ್ಲಿ ಕಟ್ಟಿದ ಚರ್ಚಿನ ಗೋಪುರ. ದಿಣ್ಣೆಯಿಲ್ಲ, ಇಳಿಜಾರಿಲ್ಲ, ಕಣ್ಣು ಹಾಯುವವರೆಗೂ ನೆಲ ಒಂದೇ ಸಮ. ಸೈಕಲ್ಲಿನ ಟೈರು ಉರುಳುವ ಸದ್ದು, ಆಗಾಗ ಯಾವುದೋ ಹಕ್ಕಿಯ ಕೂಗು, ಅಷ್ಟೇ. ಅದು ಇಟಲಿಯ ಉತ್ತರದ ಬಯಲುಸೀಮೆ.

ನಾನು ಇಟಲಿಗೆ ಹೋದವಳಲ್ಲ. ಆದರೂ ಆ ರಸ್ತೆಯ ಒಂದೊಂದು ತಿರುವೂ ನನಗೆ ಗೊತ್ತು. ನೈರೋಬಿಯ ಒಂದು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ, ಗಾಲಿಕುರ್ಚಿಯಲ್ಲಿ ಕೂತು, ಗೋಡೆಯ ಮೇಲಿನ ಟೀವಿ ನೋಡುತ್ತಾ ಅಲ್ಲಿ ಸೈಕಲ್ ತುಳಿದಿದ್ದೇನೆ. ಆಗ ನನ್ನ ಎರಡೂ ಕಾಲುಗಳು ಸೊಂಟದಿಂದ ಕೆಳಗೆ ನನ್ನವಾಗಿರಲಿಲ್ಲ. ಮತ್ತೆ ನಡೆಯುತ್ತೇನೋ ಇಲ್ಲವೋ ಎಂಬುದೊಂದೇ ನನಗೂ ಮನೆಯವರಿಗೂ ಎದ್ದರೆ ಕೂತರೆ ಇದ್ದ ಪ್ರಶ್ನೆ. ಎದ್ದರೆ ಎನ್ನುವುದು ಬರೀ ಮಾತಿಗೆ. ಏಳುತ್ತಿದ್ದವರು ಅವರು ಮಾತ್ರ.

ನಾನು ಮಂಡ್ಯ ಕಡೆಯವಳು. ಗಂಡ ಶ್ರೀಧರ್‌ಗೆ ಟೆಲಿಕಾಂ ಕಂಪನಿಯಲ್ಲಿ ಕೆಲಸ. ಆರು ವರ್ಷದ ಹಿಂದೆ ಇಲ್ಲಿಗೆ ಕಳಿಸಿದರು, ಎರಡು ವರ್ಷಕ್ಕೆಂದು ಬಂದವರು ಉಳಿದುಬಿಟ್ಟೆವು. ಮನೆ ಕಿಲೆಲೆಶ್ವಾದಲ್ಲಿ, ನಾಲ್ಕನೇ ಮಹಡಿ. ಮಗಳು ತನ್ವಿಗೆ ಹನ್ನೊಂದು ವರ್ಷ. ನಾನು ಸಂಜೆ ಹೊತ್ತು ಅಕ್ಕಪಕ್ಕದ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಶೇಕಡಾ ಲೆಕ್ಕ ನನ್ನ ಕೈಯಲ್ಲಿ ಕಲಿತವರು ಜನ್ಮದಲ್ಲಿ ಮರೆಯುವುದಿಲ್ಲ ಎಂದು ನಾನೇ ಹೇಳಿಕೊಳ್ಳುವುದುಂಟು. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಆಮೇಲೆ ಗೊತ್ತಾಯಿತು.

ಶುರುವಾಗಿದ್ದು ಹೊಟ್ಟೆಯಿಂದ. ಒಂದು ಭಾನುವಾರ ಹೊರಗೆ ತಿಂದು ಎರಡು ದಿನ ಭೇದಿಯಾಯಿತು, ನಿಂತಿತು, ಮರೆತೆ. ಎರಡು ವಾರ ಕಳೆದ ಮೇಲೆ ಕಾಲ್ಬೆರಳುಗಳು ಜೋಮು ಹಿಡಿದವು. ಚಕ್ಕಳಮಕ್ಕಳ ಹಾಕಿ ಕೂತಾಗ ಹಿಡಿಯುತ್ತದಲ್ಲ, ಹಾಗೆ. ಆದರೆ ಕೊಡವಿದರೂ ಬಿಡಲಿಲ್ಲ. ಇಲ್ಲಿಯ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದೆ. ಅರ್ಧ ಗಂಟೆಯಲ್ಲಿ ಹನ್ನೊಂದು ಉತ್ತರ ಬಂದವು, ಹನ್ನೊಂದೂ ಒಂದೇ: ಬಿ-12 ಕಮ್ಮಿಯಾಗಿದೆ. ನಮ್ಮಂಥ ಸಸ್ಯಾಹಾರಿಗಳ ಮನೆಗಳಲ್ಲಿ ಈ ಬಿ-12 ಕುಲದೇವರ ಹಾಗೆ. ತಲೆ ಸುತ್ತಿದರೂ, ಕೂದಲು ಉದುರಿದರೂ, ಗಂಡನ ಮೇಲೆ ಸಿಟ್ಟು ಬಂದರೂ ಅವನಿಗೇ ಹರಕೆ. ಡಾಕ್ಟರ ಹತ್ತಿರ ಹೋಗೋಣವೇ ಎಂದು ನಾನು ಕೇಳಿದ್ದು ಹೌದು. ಶ್ರೀಧರ್ ಅಷ್ಟರಲ್ಲಿ ಔಷಧದಂಗಡಿಗೆ ಹೋಗಿ ಮಾತ್ರೆ ತಂದಾಗಿತ್ತು. ಹತ್ತು ದಿನ ತಗೋ, ಸರಿಹೋಗತ್ತೆ ಎಂದರು. ನಾನೂ ಅದನ್ನೇ ಕೇಳಬೇಕೆಂದಿದ್ದೆನೋ ಏನೋ, ನುಂಗಿದೆ.

ಮೂರನೇ ದಿನ ತನ್ವಿ ನನ್ನ ಒಂದು ಚಪ್ಪಲಿ ಕೈಯಲ್ಲಿ ಹಿಡಿದು ಅಡುಗೆಮನೆಗೆ ಬಂದಳು. ನಡುಮನೆಯಲ್ಲಿ ಬಿದ್ದಿತ್ತಂತೆ. ನಾನು ಒಂದು ಚಪ್ಪಲಿ ಹಾಕಿಕೊಂಡು ಚಪಾತಿ ಲಟ್ಟಿಸುತ್ತಿದ್ದೆ, ಇನ್ನೊಂದು ಕಳಚಿದ್ದು ಕಾಲಿಗೆ ತಿಳಿದೇ ಇರಲಿಲ್ಲ. ಇಬ್ಬರೂ ನಕ್ಕೆವು. ಐದನೇ ದಿನ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ಏಳಲು ಹೋದರೆ ಏಳಲಾಗಲಿಲ್ಲ. ಕಾಲಿಗೆ ಹೇಳಿದೆ, ಅದು ಕೇಳಲಿಲ್ಲ. ಗೇಟಿನ ಕಾವಲುಗಾರನೂ ಶ್ರೀಧರರೂ ಸೇರಿ ನನ್ನನ್ನು ಕುರ್ಚಿಸಮೇತ ಎತ್ತಿ ಲಿಫ್ಟಿನಲ್ಲಿಟ್ಟರು.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಹ್ಯಾಟು ಹಾಕಿದ ಮುದುಕರೊಬ್ಬರು ನನ್ನ ಕಾಲು ನೋಡಿ 'ಪೋಲೆ' ಎಂದರು. ಇಲ್ಲಿ ಯಾರು ಎಡವಿದರೂ, ಯಾರಿಗೆ ನೆಗಡಿಯಾದರೂ ಸುತ್ತಲಿದ್ದವರು ಈ ಮಾತು ಹೇಳುತ್ತಾರೆ. ನಿನಗೆ ಹೀಗಾಯಿತಲ್ಲ ಎಂದು ಮರುಗುವುದು, ಅಷ್ಟೇ. ಮುಂದಿನ ತಿಂಗಳುಗಳಲ್ಲಿ ಆ ಮಾತನ್ನು ನೂರಾರು ಸಲ ಕೇಳಿದೆ. ನಮ್ಮವರು ಫೋನು ಮಾಡಿ, ಯಾಕೆ ಹಾಗಾಯಿತು, ಏನು ತಿಂದಿದ್ದೆ, ಯಾರ ಮನೆಗೆ ಹೋಗಿದ್ದೆ ಎಂದು ಕೇಳುವಾಗ ಆ ಎರಡಕ್ಷರ ಎಷ್ಟು ತಂಪಾಗಿ ಕಂಡಿತೆಂದರೆ, ಮಂಡ್ಯದ ನನ್ನ ಅಕ್ಕನಿಗೂ ಕಲಿಸಿದೆ. ಅವಳು ಪೋಲೆ ಎಂದು ಹೇಳಿ, ಒಂದು ಉಸಿರು ಬಿಟ್ಟು, ಅದಿರ್ಲಿ, ಏನ್ ತಿಂದಿದ್ದೆ ಎಂದು ಕೇಳಿದಳು.

ಕಾಯಿಲೆಗೆ ಗೀಯಾನ್-ಬಾರೆ ಎಂದು ಹೆಸರು. ನಮ್ಮ ಮೈಯ ಕಾವಲುಪಡೆಯೇ ನಮ್ಮ ನರಗಳ ಮೇಲೆ ತಿರುಗಿಬೀಳುತ್ತದಂತೆ. ಬಹಳ ಜನ ನಡೆಯುತ್ತಾರೆ, ಕೆಲವರು ಪೂರ್ತಿ ನಡೆಯುವುದಿಲ್ಲ, ನೀವು ಯಾವ ಗುಂಪು ಎಂದು ಈಗ ಹೇಳಲಾರೆ ಎಂದರು ಡಾಕ್ಟರು. ಬೇಗ ಬಂದಿದ್ದರೆ ಚೆನ್ನಾಗಿತ್ತು ಎಂದೂ ಒಂದು ಮಾತು ಸೇರಿಸಿದರು. ಅವರು ಅದನ್ನು ನನಗೆ ಹೇಳಿದ್ದು, ಕೇಳಿಸಿಕೊಂಡದ್ದು ಶ್ರೀಧರ್. ಅವತ್ತಿನಿಂದ ಅವರು ನನ್ನ ಮುಖ ನೋಡಿ ಮಾತಾಡುವುದನ್ನು ಕಡಿಮೆ ಮಾಡಿದರು.

ಕಾಲಿನಿಂದ ಮೇಲೇರುವ ಕಾಯಿಲೆಯಾದ್ದರಿಂದ ಎದೆಗೆ ತಾಗೀತೆಂಬ ಭಯ. ಐದು ದಿನ ತೀವ್ರ ನಿಗಾ ಘಟಕದಲ್ಲಿಟ್ಟು ಬಾಟಲಿ ಮೇಲೆ ಬಾಟಲಿ ಏರಿಸಿದರು. ಎರಡೆರಡು ಗಂಟೆಗೆ ನರ್ಸ್ ಬಂದು, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತೀರಿ ನೋಡೋಣ ಎನ್ನುವಳು. ಭಯವಾದಾಗ ಬರುವುದು ಮನೆಯ ಭಾಷೆ. ಒಂದು, ಎರಡು, ಮೂರು ಎಂದು ಶುರುಮಾಡಿ ಹದಿನೈದಕ್ಕೆ ಉಸಿರು ಮುಗಿಯಿತು. ಅವಳ ಮುಖ ಸಪ್ಪಗಾಯಿತು. ಮುಂದಿನ ಸರದಿಗೆ ಬಂದವಳು ಇಂಗ್ಲಿಷಿನಲ್ಲಿ ಎಣಿಸಿ ಎಂದಾಗ ಇಪ್ಪತ್ತೆರಡು ದಾಟಿದೆ. ನಮ್ಮ ಅಂಕಿಗಳು ಉದ್ದ ಎಂದು ಅವಳಿಗೆ ವಿವರಿಸಿ ಹೇಳಿದ್ದೇ ಆ ಐದು ದಿನದಲ್ಲಿ ನಾನು ಮಾಡಿದ ಪಾಠ. ಉಸಿರು ಉಳಿಯಿತು. ಕೈಗಳು ಮೆಲ್ಲಗೆ ವಾಪಸ್ಸು ಬಂದವು. ಕಾಲುಗಳು ಬರಲಿಲ್ಲ.

ಫಿಸಿಯೋಥೆರಪಿಯ ಅಚಿಯೆಂಗ್ ಎತ್ತರದ ಹೆಂಗಸು, ದನಿ ಮಾತ್ರ ಮೆತ್ತಗೆ. ಮೊದಲ ದಿನ ನನ್ನ ಗಾಲಿಕುರ್ಚಿಯನ್ನು ಒಂದು ಯಂತ್ರದ ಮುಂದೆ ನಿಲ್ಲಿಸಿ, ಪಾದಗಳನ್ನೆತ್ತಿ ಅದರ ಪೆಡಲುಗಳಿಗೆ ಪಟ್ಟಿ ಕಟ್ಟಿದಳು. ಒಳಗೊಂದು ಮೋಟಾರು. ಕಾಲಿಗೆ ಶಕ್ತಿಯಿಲ್ಲದಿದ್ದರೆ ಮೋಟಾರು ಪೆಡಲನ್ನು ತಿರುಗಿಸುತ್ತದೆ, ಕಾಲು ಅದರ ಜೊತೆ ಹೋಗುತ್ತದೆ. ಕಾಲೇ ತುಳಿಯತೊಡಗಿದರೆ ಮೋಟಾರು ಅಷ್ಟರಮಟ್ಟಿಗೆ ಹಿಂದೆ ಸರಿಯುತ್ತದೆ. ನೂರರಲ್ಲಿ ಎಷ್ಟು ಪಾಲು ನಿಮ್ಮದು ಎಂದು ಹತ್ತು ನಿಮಿಷದ ಕೊನೆಗೆ ಸಣ್ಣ ಪರದೆಯಲ್ಲಿ ಅಂಕಿ ಬರುತ್ತದೆ. ಬೇಸರ ಆಗದಿರಲಿ ಎಂದು ಅಚಿಯೆಂಗ್ ಟೀವಿ ಹಾಕಿದಳು. ಯಾರೋ ಸೈಕಲ್ಲಿನ ಹ್ಯಾಂಡಲ್ಲಿಗೆ ಕ್ಯಾಮೆರಾ ಕಟ್ಟಿಕೊಂಡು ತೆಗೆದ ವಿಡಿಯೋ. ಮಾತಿಲ್ಲ, ಸಂಗೀತವಿಲ್ಲ. ನಾಲೆ, ಗದ್ದೆ, ರಸ್ತೆ.

ನಾನು ಕೂತಲ್ಲೇ ಮಂಡ್ಯಕ್ಕೆ ಹೋಗಿಬಿಟ್ಟೆ. ಹೈಸ್ಕೂಲಿಗೆ ನಾಲೆ ಏರಿಯ ಮೇಲೆ ಸೈಕಲ್ಲಿನಲ್ಲಿ ಹೋಗುತ್ತಿದ್ದವಳು ನಾನು. ಇಟಲಿಯಲ್ಲಿ ಭತ್ತ ಬೆಳೆಯುತ್ತಾರೆಂದು ಯಾರು ಕಂಡಿದ್ದರು? ಆ ಬಿಳಿ ಕೊಕ್ಕರೆ, ಆ ತೂಬು, ನೀರು ತಿರುಗಿಸಲು ಬದು ಕಡಿದ ರೀತಿ, ಎಲ್ಲಾ ನನಗೆ ಗೊತ್ತಿದ್ದದ್ದೇ. ಸೈಕಲ್ಲಿನವನ ಮುಖ ಒಮ್ಮೆಯೂ ಕಾಣುವುದಿಲ್ಲ. ಸೂರ್ಯ ಬೆನ್ನಿಗಿದ್ದಾಗ ಅವನ ನೆರಳು ಮುಂದೆ ಉದ್ದಕ್ಕೆ ಬೀಳುತ್ತದೆ, ಅಷ್ಟೇ. ಆ ನೆರಳಿಗೆ ಕಾಲುಗಳಿದ್ದವು, ಅವು ತಿರುಗುತ್ತಿದ್ದವು. ನೋಡುತ್ತಾ ನೋಡುತ್ತಾ ಅವು ನನ್ನವೇ ಅನ್ನಿಸತೊಡಗಿದವು.

ದೂರದ ಟೀವಿ ಕಾಣಬೇಕೆಂದರೆ ನಾನು ಓದುವ ಕನ್ನಡಕ ತೆಗೆಯಬೇಕು. ತೆಗೆದರೆ ಪರದೆಯ ಅಂಕಿ ಮಸುಕು. ಹೀಗಾಗಿ ಅಂಕಿ ಓದುವ ಕೆಲಸ ಪಕ್ಕದಲ್ಲಿ ನಿಂತ ಶ್ರೀಧರರಿಗೆ ಬಿತ್ತು. ಮೊದಲ ದಿನ ಹತ್ತು ನಿಮಿಷ ಮುಗಿದ ಮೇಲೆ ಎಷ್ಟೆಂದು ಕೇಳಿದೆ. ಎರಡು, ಎಂದರು. ಎರಡು ಪರ್ಸೆಂಟ್ ನಾನೇ ತುಳಿದಿದ್ದೆ.

ಆ ಎರಡನ್ನು ಮನೆಗೆ ಎದೆಗವಚಿಕೊಂಡು ಬಂದೆ. ತನ್ವಿ ಫ್ರಿಜ್ಜಿನ ಮೇಲೆ ಕಾಗದ ಅಂಟಿಸಿ ಗೆರೆ ಎಳೆದಳು. ವಾರಕ್ಕೆ ನಾಲ್ಕು ದಿನ ಹೋಗುತ್ತಿದ್ದೆ. ಎರಡು ಮೂರಾಯಿತು, ಐದಾಯಿತು. ವಿಡಿಯೋ ಹಿಂದಿನ ದಿನ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹಾಕಬೇಕೆಂದು ಅಚಿಯೆಂಗ್‌ಗೆ ಹೇಳಿದ್ದೆ. ತುಳಿಯದೆ ಒಂದು ಮಾರೂ ಮುಂದೆ ನೋಡಬಾರದೆಂದು ನನಗೆ ನಾನೇ ವ್ರತ ಹಾಕಿಕೊಂಡಿದ್ದೆ. ಸಂಜೆ ಶಾಲೆಯಿಂದ ಬಂದ ಕೂಡಲೇ ತನ್ವಿಯ ಮೊದಲ ಪ್ರಶ್ನೆ, "ಅಮ್ಮಾ, ಡಿಡ್ ಯು ಕ್ರಾಸ್ ದ ಬ್ರಿಜ್?" ನಾನು ಕನ್ನಡದಲ್ಲಿ ಹೇಳುತ್ತಿದ್ದೆ: ಸೇತುವೆ ದಾಟಿದೆ, ಅಲ್ಲಿ ಕೆಂಪು ಹೆಂಚಿನ ಮನೆ ಇತ್ತು, ಒಂದು ನಾಯಿ ಮಲಗಿತ್ತು, ನನ್ನನ್ನು ನೋಡಿ ಏಳಲಿಲ್ಲ. ಆ ದಿನಗಳಲ್ಲಿ ನಾನು ಅರ್ಧ ಇಲ್ಲಿ, ಅರ್ಧ ಅಲ್ಲಿ ಇದ್ದೆ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಆ ಮರಗಳ ನೆರಳು ಒಂದಾದ ಮೇಲೊಂದು ಮೈಮೇಲೆ ಹಾದುಹೋಗುತ್ತಿತ್ತು. ಕೆಳಗೆ ರಸ್ತೆಯಲ್ಲಿ ಮಟಾಟು ವ್ಯಾನುಗಳು ಜನರನ್ನು ತುಂಬಿಕೊಂಡು, ಹಾಡು ಹಾಕಿಕೊಂಡು, ಹಾರನ್ ಹೊಡೆದುಕೊಂಡು ಹೋಗುವುದು ಕೇಳುತ್ತಿತ್ತು. ಅವು ನಾಲೆಯ ಆಚೆ ದಡದಲ್ಲಿ ಎಲ್ಲೋ ಇದ್ದವು.

ಆರನೇ ವಾರ ಹದಿನಾಲ್ಕು ಪರ್ಸೆಂಟ್. ಅಕ್ಕನಿಗೆ ಫೋನು ಮಾಡಿ, ಈ ಲೆಕ್ಕದಲ್ಲಿ ಹೋದರೆ ವರ್ಷದೊಳಗೆ ಪೂರ್ತಿ ಎಂದು ಗಣಿತದ ಮೇಷ್ಟ್ರ ಗತ್ತಿನಲ್ಲಿ ಹೇಳಿದೆ.

ಅದರ ಮರುದಿನ ಡಾಕ್ಟರು ನೋಡುವ ದಿನ. ಅಚಿಯೆಂಗ್ ಫೈಲು ಹಿಡಿದು ಬಂದು ಇಂಗ್ಲಿಷಿನಲ್ಲಿ ಓದಿದಳು. ಕೈ ಇಷ್ಟು, ಸೊಂಟ ಇಷ್ಟು. ಕಾಲು, ಸ್ವಂತ ಬಲದಿಂದ ತುಳಿದದ್ದು: ಸೊನ್ನೆ. ಆರೂ ವಾರ ಸೊನ್ನೆ. ಆದರೆ ಕೀಲುಗಳು ಹಿಡಿದಿಲ್ಲ, ಅದು ಒಳ್ಳೆಯ ಲಕ್ಷಣ ಎಂದಳು. ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡು ಫೈಲು ಇಸಿದುಕೊಂಡೆ, ಕನ್ನಡಕ ಹಾಕಿಕೊಂಡೆ. ತಾರೀಖಿನ ಕೆಳಗೆ ತಾರೀಖು, ಎದುರಿಗೆ ಸೊನ್ನೆಯ ಕೆಳಗೆ ಸೊನ್ನೆ. ಶ್ರೀಧರರತ್ತ ತಿರುಗಿದೆ. ಅವರು ಮೂಲೆಯಲ್ಲಿದ್ದ ಕುಡಿಯುವ ನೀರಿನ ಡಬ್ಬವನ್ನು ನೋಡುತ್ತಿದ್ದರು.

ಅವರು ಅಂಕಿ ಹೇಳುತ್ತಿದ್ದದ್ದು ಕನ್ನಡದಲ್ಲಿ. ಪಕ್ಕದಲ್ಲೇ ನಿಂತು ಅದೇ ಪರದೆ ನೋಡಿ ಸೊನ್ನೆ ಬರೆದುಕೊಳ್ಳುತ್ತಿದ್ದ ಅಚಿಯೆಂಗ್‌ಗೆ ಇವರು ಏನು ಹೇಳುತ್ತಿದ್ದಾರೆಂದು ಹೇಗೆ ತಿಳಿಯಬೇಕು? ಹೆಂಡತಿಗೆ ಧೈರ್ಯ ಹೇಳುತ್ತಿದ್ದಾರೆ ಅಂದುಕೊಂಡಿದ್ದಳಂತೆ.

ವಾಪಸ್ಸು ಬರುವಾಗ ಕಾರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಿಂತಾಗ ಅವರೇ ಬಾಯಿ ಬಿಟ್ಟರು.

"ಮೊದಲ್ನೇ ದಿನ ಸೊನ್ನೆ ಅಂತ ಬಂತು ವಸು. ನಿನ್ ಮುಖ ನೋಡ್ದೆ. ಬಾಯಿಂದ ಎರಡು ಅಂತ ಬಂದ್ಬಿಡ್ತು. ಆಮೇಲೆ ಕಮ್ಮಿ ಮಾಡೋಕ್ಕಾಗ್ಲಿಲ್ಲ."

ನಾನು ಅತ್ತಿದ್ದರೆ ಚೆನ್ನಾಗಿತ್ತು. ನನಗೆ ಅಳು ಬರುವ ಮೊದಲು ನಾಲಿಗೆ ಬರುತ್ತದೆ, ಅದು ಹುಟ್ಟುಗುಣ.

"ಬಿ-12 ಅಂದ್ರಿ, ನಂಬ್ದೆ. ಎರಡು ಅಂದ್ರಿ, ನಂಬ್ದೆ. ಇನ್ನ್ ನನ್ನ ಕಾಲಿನ ಸುದ್ದಿ ನೀವು ಹೇಳ್ಬೇಡಿ."

ಅವರು ಸ್ಟಿಯರಿಂಗ್ ಮೇಲೆ ಹಣೆಯಿಟ್ಟರು. ಹಿಂದಿನ ಗಾಡಿಯವನು ಹಾರನ್ ಹೊಡೆಯುವವರೆಗೂ ಎತ್ತಲಿಲ್ಲ. ಗೆದ್ದೆ ಅನ್ನಿಸಲಿಲ್ಲ ನನಗೆ. ಮಾತ್ರೆ ನುಂಗುತ್ತಾ ಐದು ದಿನ ಕಳೆದದ್ದರಲ್ಲಿ ನನ್ನ ಪಾಲೂ ಇತ್ತೆಂದು ಗೊತ್ತಿದ್ದೂ ಪೂರ್ತಿ ಅವರ ತಲೆಗೆ ಕಟ್ಟಿದ್ದೆ.

ಹನ್ನೆರಡು ದಿನ ನಾನು ಆಸ್ಪತ್ರೆಗೆ ಹೋಗಲಿಲ್ಲ. ಕಾಲಿಗೆ ಬರುವುದಿದ್ದರೆ ಬರುತ್ತದೆ, ಮೋಟಾರಿನ ಋಣ ನನಗೆ ಬೇಡ ಎಂದೆ. ಅಕ್ಕ ಫೋನಿನಲ್ಲಿ ಬೈದಳು, ಬಿಟ್ಟಳು. ತನ್ವಿ ಫ್ರಿಜ್ಜಿನ ಕಾಗದವನ್ನು ಯಾವಾಗ ತೆಗೆದಳೋ ಗೊತ್ತಿಲ್ಲ, ಅಂಟಿನ ಕಲೆ ಮಾತ್ರ ಉಳಿದಿತ್ತು. ಶ್ರೀಧರ್ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕಾರಿನ ಕೀಲಿ ಮೇಜಿನ ಮೇಲಿಟ್ಟು, ಎಂಟೂವರೆಯವರೆಗೆ ಕಾದು, ಕಚೇರಿಗೆ ಹೋಗುತ್ತಿದ್ದರು. ಹೋಗೋಣವೇ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುವ ಸುಖವಾದರೂ ನನಗೆ ಸಿಗುತ್ತಿತ್ತು.

ಕೊನೆಗೆ ನಾನು ಹೋದದ್ದು ಕಾಲಿಗಾಗಿ ಅಲ್ಲ. ವಿಡಿಯೋ ನಿಂತಿದ್ದು ಒಂದು ತಿರುವಿನಲ್ಲಿ. ಇಟ್ಟಿಗೆಯ ಹಳೇ ಕಣಜವೊಂದು ಅಡ್ಡ ಬಂದು ಮುಂದಿನ ರಸ್ತೆಯನ್ನು ಮುಚ್ಚಿತ್ತು. ಹನ್ನೆರಡು ದಿನ ಹಗಲೂ ಇರುಳೂ ಆ ಕಣಜ ನನ್ನ ಕಣ್ಣ ಮುಂದೆಯೇ ನಿಂತಿತ್ತು. ಅದರಾಚೆ ಏನಿದೆ? ಫೋನಿನಲ್ಲಿ ಹುಡುಕಿದ್ದರೆ ಐದು ನಿಮಿಷದಲ್ಲಿ ಸಿಗುತ್ತಿತ್ತು. ಹುಡುಕಲಿಲ್ಲ. ಎಲ್ಲ ಸುಳ್ಳಾದರೂ ಆ ವ್ರತವೊಂದು ನನ್ನದೇ ಆಗಿತ್ತು. ಹದಿಮೂರನೇ ದಿನ, ಎಂಟೂವರೆಗೆ ಐದು ನಿಮಿಷವಿರುವಾಗ, ಶಾಲು ಕೊಡಿ ಎಂದೆ. ಶ್ರೀಧರ್ ಶಾಲು ತಂದುಕೊಟ್ಟರು.

ಅಚಿಯೆಂಗ್ ಪೋಲೆ ಎಂದಳು, ಪಾದಗಳಿಗೆ ಪಟ್ಟಿ ಕಟ್ಟಿದಳು. ಓದುವ ಕನ್ನಡಕ ಈ ಸಲ ಕೈಯಲ್ಲೇ ಇತ್ತು. ಹಾಕಿಕೊಂಡರೆ ಅಂಕಿ ಕಾಣುತ್ತದೆ, ರಸ್ತೆ ಮಸುಕಾಗುತ್ತದೆ. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದು ಮಡಿಲಲ್ಲಿಟ್ಟುಕೊಂಡೆ. ಶ್ರೀಧರ್ ಮಾಮೂಲು ಜಾಗ ಬಿಟ್ಟು, ನನ್ನ ಕಾಲುಗಳ ಹತ್ತಿರ ಒಂದು ಸ್ಟೂಲಿನಲ್ಲಿ ತಲೆ ತಗ್ಗಿಸಿ ಕೂತರು. ಅಚಿಯೆಂಗ್ ಪಕ್ಕದ ಹಾಸಿಗೆಯ ಹೆಂಗಸಿನ ತೋಳು ಹಿಡಿದು ವ್ಯಾಯಾಮ ಮಾಡಿಸುತ್ತಿದ್ದಳು.

ಕಣಜ ದಾಟಿತು. ಅದರಾಚೆ ಏನೂ ಇರಲಿಲ್ಲ. ನೀರು ತುಂಬಿದ ಗದ್ದೆಗಳು, ಅಂಚಿನವರೆಗೂ. ರಸ್ತೆ ಅವುಗಳ ನಡುವೆ ನೇರವಾಗಿ ಹೋಗಿ ಎಲ್ಲೋ ಬೆಳಕಿನಲ್ಲಿ ಕರಗುತ್ತಿತ್ತು. ಮರಗಳಿರಲಿಲ್ಲ, ಮನೆಗಳಿರಲಿಲ್ಲ, ಮೋಡಗಳು ಮೇಲೂ ಇದ್ದವು, ಕೆಳಗೂ ಇದ್ದವು, ಅವುಗಳ ನಡುವೆ ಆ ಉದ್ದನೆಯ ನೆರಳು ಹೋಗುತ್ತಲೇ ಇತ್ತು. ನನಗೆ ಏನೂ ಬೇಡವಾಯಿತು. ಸಿಟ್ಟೂ ಬೇಡ, ನಡೆಯುವುದೂ ಬೇಡ, ಹೀಗೇ ಹೋಗುತ್ತಿದ್ದರೆ ಸಾಕು ಅನ್ನಿಸಿತು.

ಆಗ ಕರೆಂಟು ಹೋಯಿತು.

ನೈರೋಬಿಯಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಆಸ್ಪತ್ರೆಯಲ್ಲಿ ಜನರೇಟರ್ ಇದೆ, ಅದು ಎದ್ದು ಕೂರುವವರೆಗೆ ಹತ್ತು ಹನ್ನೆರಡು ಸೆಕೆಂಡು. ಟೀವಿ ಆರಿತು, ಮೋಟಾರಿನ ಗುಂಯ್ ಎನ್ನುವ ಸದ್ದು ನಿಂತಿತು, ಕೋಣೆ ನಿಶ್ಶಬ್ದವಾಯಿತು. ಪಕ್ಕದ ಹೆಂಗಸು ಏನೋ ಗೊಣಗಿದಳು, ಅಚಿಯೆಂಗ್ ಬಾಗಿಲ ಕಡೆ ಹೋದಳು. ನಾನು ಕಪ್ಪು ಪರದೆಯನ್ನೇ ನೋಡುತ್ತಿದ್ದೆ. ನನ್ನ ಕಣ್ಣಲ್ಲಿ ರಸ್ತೆ ಇನ್ನೂ ಇತ್ತು, ನಾನು ಅದರ ಮೇಲೇ ಹೋಗುತ್ತಿದ್ದೆ. ಕಾಲಿನಲ್ಲಿ ಏನಾಯಿತೆಂದು ನನಗೆ ತಿಳಿಯಲಿಲ್ಲ. ಸ್ಪರ್ಶ ಆಗಿನ್ನೂ ಬಂದಿರಲಿಲ್ಲ. ತಿಳಿದದ್ದು, ಶ್ರೀಧರ್ ಸ್ಟೂಲಿನಿಂದ ಜಾರಿ ನೆಲದ ಮೇಲೆ ಮಂಡಿಯೂರಿದಾಗ.

ಜನರೇಟರ್ ಬಂತು. ದೀಪ ಬಂತು. ಯಂತ್ರ ಮೊದಲಿನಿಂದ ಶುರುವಾಗಿ, ಪರದೆಯಲ್ಲಿ ಎಲ್ಲ ಅಳಿಸಿಹೋಗಿತ್ತು. ಏನಾಯಿತೆಂದು ಅಚಿಯೆಂಗ್ ಓಡಿ ಬಂದಳು. ಆ ಪೆಡಲು ಬಲು ಬಿಗಿ, ಮೋಟಾರು ನಿಂತರೆ ತಾನಾಗಿ ಅರ್ಧ ಸುತ್ತೂ ತಿರುಗುವುದಿಲ್ಲ ಎಂದು ಅವಳೇ ಹಿಂದೆ ಹೇಳಿದ್ದಳು. ಅವಳು ನೋಡಿರಲಿಲ್ಲ. ಪಕ್ಕದ ಹೆಂಗಸು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ನೋಡಿದ್ದು ಒಬ್ಬರೇ, ನನ್ನ ಕಾಲಿನ ಸುದ್ದಿ ಹೇಳಬೇಡಿ ಎಂದು ನಾನು ಬಾಯಿ ಮುಚ್ಚಿಸಿದ್ದವರು. ಅವರು ನೆಲದ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು, ಎರಡು ತಿಂಗಳಲ್ಲಿ ಮೊದಲ ಸಲ.

"ಎಷ್ಟು?" ಎಂದೆ.

"ನಾಲ್ಕು ಸುತ್ತು," ಎಂದರು. "ಐದನೇದು ಅರ್ಧಕ್ಕೆ ನಿಂತೋಯ್ತು, ವಸು."

ಸುಳ್ಳು ಹೇಳುವವರು ಐದು ಎನ್ನುತ್ತಾರೆ. ನಾನು ಅವರ ತಲೆಯ ಮೇಲೆ ಕೈಯಿಟ್ಟೆ, ಆಗ ಅಳು ಬಂತು.

ಇದಾಗಿ ಒಂದೂವರೆ ವರ್ಷ. ಮಾರನೇ ತಿಂಗಳು ಯಂತ್ರವೂ ಮೂರು ಪರ್ಸೆಂಟ್ ಎಂದಿತು, ಅದನ್ನು ಕನ್ನಡಕ ಹಾಕಿಕೊಂಡು ನಾನೇ ಓದಿದೆ. ಈಗ ಎಡ ಪಾದಕ್ಕೆ ಪಟ್ಟಿ ಕಟ್ಟಿಕೊಂಡು ಮೂಲೆಯ ತರಕಾರಿ ಅಂಗಡಿಯವರೆಗೆ ನಡೆದು ಹೋಗುತ್ತೇನೆ. ಅಂಗಡಿಯವಳು ನನ್ನ ನಡಿಗೆ ನೋಡಿ ಇವತ್ತಿಗೂ ಪೋಲೆ ಎನ್ನುತ್ತಾಳೆ, ನಾನು ಸವಾ, ಆಯ್ತಮ್ಮ ಸರಿ, ಎನ್ನುತ್ತೇನೆ. ಎಲ್ಲೋ ಯಾರೋ ಇದೇ ಕಾಯಿಲೆಯಲ್ಲಿ ಮಲಗಿ ತಮ್ಮ ಫೈಲಿನ ಸೊನ್ನೆಗಳನ್ನು ನೋಡುತ್ತಿರಬಹುದು. ಅವರಿಗೆ ಒಂದು ವಿಷಯ ಹೇಳಬೇಕೆನಿಸುತ್ತದೆ. ಆ ದಿನ ಅಚಿಯೆಂಗ್ ಪಾಪ ಎರಡು ಸಲ ಯಂತ್ರ ನೋಡಿದಳು, ಯಂತ್ರದಲ್ಲಿ ಇದ್ದದ್ದನ್ನೇ ಬರೆಯಬೇಕಲ್ಲ, ಬರೆದಳು. ನನ್ನ ಫೈಲಿನಲ್ಲಿ ಆ ತಾರೀಖಿನ ಎದುರು ಇವತ್ತಿಗೂ ಸೊನ್ನೆಯೇ ಇದೆ.